ಹಳೆಯ ಒಡವೆಗಳನ್ನು ಕೊಳ್ಳುವದೂ ತೊಡುವದೂ

ಓದತಕ್ಕ ವೇದಭಾಗಗಳು: ಆದಿಕಾಂಡ ೨೩; ಧರ್ಮೋಪದೇಶಕಾಂಡ ೨೪. ೧೦-೧೩, ೧ ಪೇತ್ರ ೩. ೩, ೪.



ಮಳೆಗಾಲವು ತೀರಿ ತೋಟಗಳಲ್ಲಿ ಅಡಿಕೆಯ ಕೊಯ್ಲು ನಡೆಯುವಾಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಮದುವೆಯ ಮಾತುಗಳು ಆರಂಭವಾಗುತ್ತವೆ. ಮದುವೆಯ ಮಾತು ಎದ್ದ ಮನೆಯಲ್ಲಿ ಒಡವೆಯ ಮಾತು ಏಳದೆ ಇರುವದಿಲ್ಲ. ಹೀಗಿರಲಾಗಿ ಒಂದು ಭಾನುವಾರ ಆರಾಧನೆಯು ಮುಗಿದ ಮೇಲೆ ಒಬ್ಬ ತಾಯಿಯು ಹಿಂದೆ ಉಳಿದು ನನ್ನನ್ನು ಕೇಳಿದಳು: "ಅಯ್ಯನವರೇ, ನಮ್ಮ ಊರಿನ ಒಂದು ಹಿಂದೂ ಮನೆಯವರು ತಮ್ಮ ಅಜ್ಜಿಯ ಕಾಲದ ಅವಲಕ್ಕಿ ಸರವನ್ನೂ ಒಂದು ಜೊತೆ ಬೆಂಡೋಲೆಯನ್ನೂ ಮಾರುತ್ತೇವೆ ಅನ್ನುತ್ತಾರೆ. ಈ ವರುಷ ಕೊಳೆರೋಗದಿಂದ ಅವರ ತೋಟದ ಫಸಲು ಹೋಯಿತು. ಅಂಗಡಿಯಲ್ಲಿ ಕೊಂಡರೆ ಮಜೂರಿ, ತೇಮಾನು ಎಂದು ಬಹಳ ಹಣ ಹೋಗುತ್ತದೆ. ಇವರು ಚಿನ್ನದ ಬೆಲೆಗಿಂತಲೂ ಕಡಿಮೆಗೆ ಕೊಟ್ಟಾರು. ಅಂಥ ಕೈಕೆಲಸವು ಈಗ ಸಿಕ್ಕುವದೂ ಇಲ್ಲ. ಮಗಳ ಮದುವೆಗೆ ಅದನ್ನು ಕೊಳ್ಳಬಹುದೋ? ಕ್ರೈಸ್ತ ಹುಡುಗಿಯು ಅದನ್ನು ತೊಟ್ಟರೆ ಪಾಪವೋ?"

ನಾನು ಕೂಡಲೇ ಉತ್ತರ ಕೊಡಲಾರದೆ, ಪ್ರಾರ್ಥಿಸಿ ಹೇಳುವೆನು ಎಂದು ಕಳುಹಿಸಿದೆನು. ಇಂಥ ಪ್ರಶ್ನೆಯು ಆ ತಾಯಿಯೊಬ್ಬಳದಲ್ಲ. ೨೦೨೫ರಲ್ಲಿ ಹತ್ತು ಗ್ರಾಂ ಅಪ್ಪಟ ಚಿನ್ನದ ಬೆಲೆಯು ಒಂದು ಲಕ್ಷ ರೂಪಾಯಿಯನ್ನು ದಾಟಿತು. ಹೊಸದನ್ನು ಮಾಡಿಸಲಾರದ ಅನೇಕರು ಹಳೆಯದರ ಕಡೆಗೆ ನೋಡುತ್ತಾರೆ. ಹಣವುಳ್ಳವರೂ ಹಳೆಯ ಅಕ್ಕಸಾಲಿಗರ ನಾಜೂಕಾದ ಕೆಲಸಕ್ಕೆ ಮನಸೋತು ಅಂಥದನ್ನು ಹುಡುಕುತ್ತಾರೆ. ಆದಕಾರಣ ಈ ವಿಷಯವನ್ನು ದೇವರ ವಾಕ್ಯದ ಬೆಳಕಿನಲ್ಲಿ ಎಲ್ಲರೂ ಕೂಡಿ ಪರೀಕ್ಷಿಸೋಣ.

ಚಿನ್ನವು ತಾನಾಗಿ ಅಶುದ್ಧವೆಂದು ವೇದವು ಎಲ್ಲಿಯೂ ಹೇಳುವದಿಲ್ಲ. ಅಬ್ರಹಾಮನ ಸೇವಕನು ಬಾವಿಯ ಬಳಿಯಲ್ಲಿ ರೆಬೆಕ್ಕಳಿಗೆ ಅರ್ಧ ಶೆಕೆಲ್ ತೂಕದ ಮೂಗುತಿಯನ್ನೂ ಹತ್ತು ಶೆಕೆಲ್ ತೂಕದ ಎರಡು ಬಳೆಗಳನ್ನೂ ಕೊಟ್ಟನು. ಬೆಚಲೇಲನಿಗೆ ಚಿನ್ನದಲ್ಲಿ ವಿಚಿತ್ರವಾದ ಕೆಲಸಗಳನ್ನು ಮಾಡುವ ಜಾಣತನವನ್ನು ಕೊಟ್ಟವನು ದೇವರೇ. ಹಾಗಾದರೆ ಸೂಕ್ಷ್ಮವಾಗಿ ಎಸಳು ಬಿಡಿಸಿದ ಬೆಂಡೋಲೆಯನ್ನು ನೋಡಿ ಇದು ಚೆನ್ನಾಗಿದೆ ಅನ್ನುವದು ಪಾಪವಲ್ಲ. ಆದರೂ ನಮ್ಮ ಹಿರಿಯರು ಈ ವಿಷಯದಲ್ಲಿ ಬಿಗಿಯಾಗಿದ್ದದ್ದಕ್ಕೆ ಕಾರಣವುಂಟು. ಮೆಥೊಡಿಸ್ಟ್ ಸಂಘಗಳನ್ನು ಸ್ಥಾಪಿಸಿದ ಜಾನ್ ವೆಸ್ಲಿಯವರು ೧೭೪೩ರಲ್ಲಿ ಬರೆದುಕೊಟ್ಟ ನಿಯಮಗಳಲ್ಲಿ ಚಿನ್ನವನ್ನೂ ಬೆಲೆಯುಳ್ಳ ಉಡುಪನ್ನೂ ಧರಿಸಬಾರದೆಂದು ವಿಧಿಸಿದರು. ಬಡವನ ಹೊಟ್ಟೆಗೆ ಸೇರತಕ್ಕ ಹಣವು ಐಶ್ವರ್ಯವಂತನ ಕೊರಳಲ್ಲಿ ತೂಗಬಾರದೆಂಬದೇ ಅವರ ಚಿಂತೆಯಾಗಿತ್ತು. ಪೇತ್ರನೂ ಸಭೆಯ ಸ್ತ್ರೀಯರಿಗೆ ಬರೆದಾಗ, ನಿಮ್ಮ ಅಲಂಕಾರವು ಹೊರಗಿನ ಚಿನ್ನವಾಗಿರದೆ ಒಳಗಿನ ಸಾತ್ವಿಕವಾದ ಮನಸ್ಸೇ ಆಗಿರಲಿ ಎಂಬರ್ಥದಲ್ಲಿ ಬೋಧಿಸಿದನು. ಆದಕಾರಣ ಒಡವೆಯು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವದರ ಬದಲಾಗಿ ನಾವು ಮೂರು ಮಾತುಗಳನ್ನು ಕೇಳಿಕೊಳ್ಳೋಣ: ಇದು ಹೇಗೆ ಕೊಂಡದ್ದು? ಯಾರಿಂದ ಕೊಂಡದ್ದು? ಯಾತಕ್ಕೋಸ್ಕರ ತೊಡುವದು?

ಮೊದಲನೆಯದಾಗಿ, ಹೇಗೆ ಕೊಂಡದ್ದು? ಅಬ್ರಹಾಮನು ತನ್ನ ಹೆಂಡತಿಯಾದ ಸಾರಳಿಗೆ ಸಮಾಧಿಯ ಭೂಮಿಯನ್ನು ಕೊಂಡ ರೀತಿಯನ್ನು ನೋಡಿರಿ. ಅವನು ಊರಬಾಗಿಲಲ್ಲಿ ಹಿತ್ತಿಯರೆಲ್ಲರೂ ಕೇಳುವಂತೆ ಮಾತಾಡಿ, ವರ್ತಕರಲ್ಲಿ ನಡೆಯುವ ತೂಕದ ಪ್ರಕಾರ ನಾನೂರು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟನು. ಅಲ್ಲಿ ಗುಟ್ಟಿನ ಮಾತಿರಲಿಲ್ಲ. ಇದಕ್ಕೆ ವಿರೋಧವಾದ ಕೊಳ್ಳುವವನನ್ನು ಜ್ಞಾನೋಕ್ತಿಯ ಇಪ್ಪತ್ತನೆಯ ಅಧ್ಯಾಯವು ತೋರಿಸುತ್ತದೆ. ಅವನು ಮಾರುವವನ ಮುಂದೆ ಸರಕನ್ನು ಹೀಯಾಳಿಸಿ, ಮನೆಗೆ ಹೋದ ಮೇಲೆ ತನ್ನ ಜಾಣತನವನ್ನು ಕೊಚ್ಚಿಕೊಳ್ಳುತ್ತಾನೆ. ಹಳೆಯ ಒಡವೆಯ ವ್ಯಾಪಾರದಲ್ಲಿ ಈ ಪಾಪವು ಬಹು ಸುಲಭ. "ಇದು ಸವೆದಿದೆ, ಕಪ್ಪಾಗಿದೆ, ಈ ಮಾಟವನ್ನು ಈಗ ಯಾರೂ ಕೇಳುವದಿಲ್ಲ" ಎಂದು ಬಾಯಲ್ಲಿ ಹೇಳುತ್ತಾ, ಮನಸ್ಸಿನಲ್ಲಿ ಆ ಮಾಟಕ್ಕಾಗಿಯೇ ಆಶಿಸುವದು ಕಳ್ಳ ತಕ್ಕಡಿಯಲ್ಲದೆ ಮತ್ತೇನು? ತಕ್ಕಡಿಯು ಕೈಯಲ್ಲಿ ಮಾತ್ರವಲ್ಲ, ನಾಲಿಗೆಯಲ್ಲಿಯೂ ಇರುತ್ತದೆ.

ಅದೇ ಪ್ರಕಾರ ನಮ್ಮ ಬಡ ಸಹೋದರರು ಮೋಸಹೋಗಬಾರದು. ಕರ್ತನು ನಮಗೆ ಪಾರಿವಾಳದ ನಿಷ್ಕಪಟವನ್ನು ಮಾತ್ರವಲ್ಲ, ಸರ್ಪದ ಜಾಣತನವನ್ನೂ ಆಜ್ಞಾಪಿಸಿದ್ದಾನೆ. ಆದದರಿಂದ ಕೆಲವು ಮಾತುಗಳನ್ನು ತಿಳಿದುಕೊಳ್ಳಿರಿ. ಒಂದು ತೊಲೆ ಎಂದರೆ ಸುಮಾರು ೧೧.೬೬ ಗ್ರಾಂ, ಆದರೆ ಈಗ ಪೇಟೆಗಳಲ್ಲಿ ಕೆಲವರು ಹತ್ತು ಗ್ರಾಮಿಗೂ ತೊಲೆ ಅನ್ನುತ್ತಾರೆ. ಪವನು ಎಂಟು ಗ್ರಾಂ. ಆದಕಾರಣ ತೊಲೆಯ ಮಾತನ್ನು ಬಿಟ್ಟು ಗ್ರಾಮಿನಲ್ಲಿಯೇ ತೂಗಿಸಿರಿ. ಹಳೆಯ ಗುಂಡುಗಳ ಒಳಗೆ ಅರಗನ್ನು ತುಂಬಿರುವದುಂಟು. ಕಲ್ಲು ಮುತ್ತುಗಳಿಗೂ ತೂಕವುಂಟು. ಇವುಗಳನ್ನು ಕಳೆದ ಮೇಲೆಯೇ ಚಿನ್ನದ ತೂಕವು ಸಿಕ್ಕುವದು. ಬೆಸುಗೆ ಹಾಕಿದ ಕಡೆಗಳಲ್ಲಿ ಬೆರಕೆಯು ಹೆಚ್ಚಾಗಿರುವದು. ಹಳೆಯದೆಲ್ಲಾ ಅಪ್ಪಟವೆಂದು ತಿಳಿಯಬೇಡಿರಿ. ೧೯೬೩ರಲ್ಲಿ ಸರಕಾರವು ಚಿನ್ನದ ಹತೋಟಿಯ ನಿಯಮಗಳನ್ನು ತಂದು, ೧೪ ಕ್ಯಾರೆಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆಗಳನ್ನು ಮಾಡಬಾರದೆಂದು ವಿಧಿಸಿತ್ತು. ಆಗ ಎಷ್ಟೋ ಅಕ್ಕಸಾಲಿಗರ ಮನೆಗಳಲ್ಲಿ ಒಲೆಯು ಆರಿತು. ಈಗ ಅಂಗಡಿಯ ಹೊಸ ಒಡವೆಗಳ ಮೇಲೆ ಹಾಲ್‌ಮಾರ್ಕ್ ಮುದ್ರೆಯಿರುತ್ತದೆ. ೨೨ ಕ್ಯಾರೆಟ್ಟಿಗೆ ೯೧೬ ಎಂಬ ಅಂಕೆ, ಅಂದರೆ ಸಾವಿರದಲ್ಲಿ ೯೧೬ ಭಾಗ ಚಿನ್ನ. ೨೦೨೩ರ ಏಪ್ರಿಲ್ ೧ರಿಂದ ಆರು ಅಕ್ಷರಾಂಕಗಳ ಗುರುತೂ ಇರಬೇಕಾಗಿದೆ. ಅಜ್ಜಿಯ ಕಾಲದ ಸರದ ಮೇಲೆ ಇದೊಂದೂ ಇರುವದಿಲ್ಲ. ಆದದರಿಂದ ಮಾರುವವರೂ ಕೊಳ್ಳುವವರೂ ಕೂಡಿ ಹೋಗಿ, ಇಬ್ಬರ ಕಣ್ಣೆದುರಿನಲ್ಲಿ ಒರೆಗೆ ಹಚ್ಚಿಸಿ ಇಲ್ಲವೆ ಯಂತ್ರದಲ್ಲಿ ಪರೀಕ್ಷಿಸಿ, ಆ ದಿನದ ಬೆಲೆಯನ್ನು ಕೇಳಿ, ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕುವದು ಉತ್ತಮ. ಇದೇ ನಮ್ಮ ಕಾಲದ ಊರಬಾಗಿಲು.

ಎರಡನೆಯದಾಗಿ, ಯಾರಿಂದ ಕೊಂಡದ್ದು? ಇಲ್ಲಿಯೇ ಮನಸ್ಸಾಕ್ಷಿಯ ಒರೆಗಲ್ಲು ಇರುತ್ತದೆ. ತೂಕವೂ ಬೆಲೆಯೂ ಸರಿಯಾಗಿದ್ದರೂ ಕೊಂಡದ್ದು ಅನ್ಯಾಯವಾಗಿರುವದುಂಟು. ನಮ್ಮ ಸಿದ್ದಾಪುರ ಸೀಮೆಯ ಹಿರಿಯರು ಹೇಳುತ್ತಿದ್ದ ಒಂದು ಸಂಗತಿಯನ್ನು ಜ್ಞಾಪಕ ಮಾಡಿಕೊಳ್ಳಿರಿ. ೧೯೩೨ರ ಕರನಿರಾಕರಣೆಯ ಚಳವಳಿಯಲ್ಲಿ ಕಂದಾಯ ಕೊಡದವರ ಭೂಮಿಯನ್ನೂ ಸಾಮಾನನ್ನೂ ಸರಕಾರದವರು ಜಪ್ತಿ ಮಾಡಿ ಹರಾಜು ಹಾಕಿದರು. ಹರಾಜಿನಲ್ಲಿ ಕೊಂಡವರು ಕಾಯಿದೆಯ ಪ್ರಕಾರ ಹಣ ಕೊಟ್ಟೇ ಕೊಂಡಿದ್ದರು. ಆದರೂ ಆ ಸೀಮೆಯ ಸ್ತ್ರೀಯರು ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಆ ಸ್ತ್ರೀಯರು ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಇನ್ನೊಬ್ಬರ ಸಂಕಟವನ್ನು ನೀವು ಅಗ್ಗದ ಸರಕೆಂದು ಕೊಂಡಿರಿ ಎಂಬ ಮಾತನ್ನು ಬರೀ ಹೊಟ್ಟೆಯಿಂದ ಹೇಳಿದರು. ಪ್ರಿಯರೇ, ಅವರಲ್ಲಿ ಹೆಚ್ಚಿನವರು ನಮ್ಮ ವೇದವನ್ನು ಓದಿದವರಲ್ಲ. ಆದರೂ ನೆಹೆಮೀಯನು ಯೆರೂಸಲೇಮಿನಲ್ಲಿ, ಬರಗಾಲದಲ್ಲಿ ನೆರೆಯವರ ಹೊಲಗಳನ್ನು ಒತ್ತೆ ಹಿಡಿದವರಿಗೆ ಹೇಳಿದ್ದೂ ಇದೇ ಅಲ್ಲವೇ? ವೇದವನ್ನು ಕೈಯಲ್ಲಿ ಹಿಡಿದ ನಾವು ಅವರಿಗಿಂತ ಮೊಂಡರಾಗಿರಬಹುದೋ?

ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ಕೋಮಲವಾದ ವಿಧಿಯುಂಟು. ಸಾಲ ಕೊಟ್ಟವನು ಒತ್ತೆಯನ್ನು ತಕ್ಕೊಳ್ಳುವದಕ್ಕೆ ಸಾಲಗಾರನ ಮನೆಯೊಳಗೆ ನುಗ್ಗಬಾರದು. ಅವನು ಹೊರಗೆ ನಿಂತಿರಬೇಕು, ಸಾಲಗಾರನೇ ಒತ್ತೆಯನ್ನು ಹೊರಗೆ ತರಬೇಕು. ಬಡವನ ಹೊದಿಕೆಯನ್ನಾದರೋ ಸೂರ್ಯಾಸ್ತಕ್ಕೆ ಮುಂಚೆ ತಿರುಗಿ ಕೊಡಬೇಕು. ಏನು ಕೊಡಬೇಕು, ಏನು ಉಳಿಸಿಕೊಳ್ಳಬೇಕು ಎಂಬ ಮಾನವನ್ನು ದೇವರು ಬಡವನಿಗೇ ಬಿಟ್ಟನು. ನಮ್ಮ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಒಡವೆಯನ್ನು ಸೊಸೈಟಿಯಲ್ಲಿಯೋ ಬ್ಯಾಂಕಿನಲ್ಲಿಯೋ ಅಡವಿಟ್ಟು ಕೊಯ್ಲಾದ ಮೇಲೆ ಬಿಡಿಸುವದು ವಾಡಿಕೆ. ಫಸಲು ಹೋದ ವರುಷದಲ್ಲಿ ಬಿಡಿಸಲಾರದೆ ಮಾರುತ್ತಾರೆ. ಅಂಥವರ ಬಾಗಿಲಿಗೆ ಹೋಗುವಾಗ ಹೊರಗೆ ನಿಲ್ಲಿರಿ. ಅವಸರಪಡಿಸಬೇಡಿರಿ.

ಇನ್ನೊಂದು ಮಾತು. ಒಡವೆಯನ್ನು ಮಾರುವ ಮಾತನ್ನು ಅನೇಕ ಸಾರಿ ಗಂಡಸರು ಆಡುತ್ತಾರೆ, ಒಡವೆಯಾದರೋ ಹೆಂಗಸಿನದು. ಹೆಂಗಸಿನ ಸ್ತ್ರೀಧನವು ಅವಳ ಸ್ವಂತದ್ದೇ, ಗಂಡನ ಮನೆಯವರಿಗೆ ಅದರಲ್ಲಿ ಪಾಲಿಲ್ಲವೆಂದು ೧೯೮೫ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕಾಯಿದೆಯು ಇಷ್ಟು ಹೇಳುವಾಗ ಸುವಾರ್ತೆಯು ಕಡಿಮೆ ಹೇಳೀತೇ? ಆ ಮನೆಯ ಯಜಮಾನನು ಸರಿ ಅಂದರೆ ಸಾಲದು. ಯಾವಳ ಕೊರಳಿಂದ ಅದು ಇಳಿಯಬೇಕೋ ಅವಳ ಬಾಯಿಂದಲೇ ಒಪ್ಪಿಗೆ ಬರಬೇಕು.

ಮೂರನೆಯದಾಗಿ, ಯಾತಕ್ಕೋಸ್ಕರ ತೊಡುವದು? ಆ ಸರದಲ್ಲಿ ಲಕ್ಷ್ಮಿಯ ರೂಪವುಳ್ಳ ಒಂದು ಪದಕವಿದೆಯೆಂದು ಆ ತಾಯಿಯು ಹೇಳಿದ್ದಳು. ಕೊರಿಂಥದ ಸಭೆಯಲ್ಲಿಯೂ ಇಂಥ ತೊಂದರೆಯಿತ್ತು. ವಿಗ್ರಹವು ಏನೂ ಅಲ್ಲವೆಂದು ಪೌಲನು ಬಲ್ಲನು. ಸಂತೆಯಲ್ಲಿ ಮಾರುವದನ್ನು ವಿಚಾರಣೆ ಮಾಡದೆ ಕೊಳ್ಳಿರಿ ಎಂದೂ ಬರೆದನು. ಆದರೆ ಬಲಹೀನನಾದ ಸಹೋದರನು ಎಡವುವದಾದರೆ ತನ್ನ ಹಕ್ಕನ್ನು ಬಿಡಲು ಸಿದ್ಧನಾದನು. ಹಾಗೆಯೇ ಚಿನ್ನಕ್ಕೆ ಮೈಲಿಗೆ ಇಲ್ಲ. ಅದನ್ನು ಮಾಡಿದ ಕೈಯನ್ನಾಗಲಿ ಅದಕ್ಕೆ ಕೈಮುಗಿದವರನ್ನಾಗಲಿ ನಾವು ಹೀಯಾಳಿಸತಕ್ಕದ್ದಲ್ಲ. ಆದರೂ ಹೊಸದಾಗಿ ನಂಬಿದವರು ಆ ಪದಕವನ್ನು ವಧುವಿನ ಎದೆಯ ಮೇಲೆ ಕಂಡು ಕಲಕಿಹೋಗುವದಾದರೆ, ಅದನ್ನು ಬಿಡಿಸಿ ಗೌರವದಿಂದ ಅದರ ಒಡತಿಗೇ ತಿರುಗಿ ಕೊಡುವದು ಲೇಸು.

ಇಸ್ರಾಯೇಲ್ಯರ ಒಡವೆಗಳು ಎರಡು ಸಾರಿ ಕಿವಿಯಿಂದ ಇಳಿದವು. ಒಂದು ಸಾರಿ ಅವು ಆರೋನನ ಕೈಯಲ್ಲಿ ಬಂಗಾರದ ಬಸವನಾದವು. ಇನ್ನೊಂದು ಸಾರಿ ದೇವದರ್ಶನದ ಗುಡಾರವಾದವು. ಜನರು ಅವರೇ, ಚಿನ್ನವು ಅದೇ, ಹೃದಯವು ಬೇರೆ. ಸಾಲ ಮಾಡಿ ಕೊಂಡು ನೆರೆಯವರ ಕಣ್ಣು ಕೋರೈಸಬೇಕೆಂದು ತೊಟ್ಟರೆ ಅದೇ ನಮ್ಮ ಬಸವನು. ನಮ್ಮ ಸಭೆಗಳಲ್ಲಿ ಕೂಲಿಯಿಂದ ಬದುಕುವವರು ಬಹಳ. ಕೊರಳಲ್ಲಿ ಕರಿಮಣಿಯ ಹೊರತು ಏನೂ ಇಲ್ಲದ ಸಹೋದರಿಯು ಒಡವೆಗಳ ಮಧ್ಯದಲ್ಲಿ ಕೂತು ಪ್ರಭುಭೋಜನಕ್ಕೆ ಏಳಲು ನಾಚುವದಾದರೆ, ಯಾಕೋಬನು ಚಿನ್ನದುಂಗುರದವನ ವಿಷಯದಲ್ಲಿ ಬರೆದ ಗದರಿಕೆಯು ನಮಗೇ ಸೇರಿದ್ದು.

ಈ ಮೂರನ್ನೂ ಒಂದೇ ಪ್ರಶ್ನೆಯಾಗಿ ಮಾಡಿ ಆ ತಾಯಿಗೆ ಹೇಳಿದೆನು: "ತಾಯೀ, ನಿನ್ನ ಮಗಳು ಈ ಸರವನ್ನು ತೊಟ್ಟು ನಿಂತಿರುವಾಗ ಅದರ ಮೊದಲಿನ ಒಡತಿಯು ಎದುರಿಗೆ ಬಂದರೆ, ನಿನ್ನ ಮಗಳು ಸೆರಗನ್ನು ಎಳೆದು ಅದನ್ನು ಮುಚ್ಚಬೇಕಾದೀತೋ? ಮುಚ್ಚಬೇಕಾಗದಂತೆ ಕೊಳ್ಳಬಲ್ಲೆಯಾದರೆ ಕೊಂಡುಕೋ."

ಅವಳು ಮನೆಗೆ ಹೋಗಿ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಸಭೆಯ ಒಬ್ಬ ಹಿರಿಯರನ್ನು ಕರಕೊಂಡು ಆ ಮನೆಗೆ ಹೋಗಿ, ಗಂಡಸರನ್ನು ಬಿಟ್ಟು ಆ ಮನೆಯಾಕೆಯನ್ನೇ, "ಅಕ್ಕಾ, ಇದನ್ನು ಕೊಡುವದಕ್ಕೆ ನಿನಗೆ ಮನಸ್ಸುಂಟೋ?" ಎಂದು ಕೇಳಿದಳು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, "ಸರವನ್ನು ಕೊಟ್ಟೇನು. ಬೆಂಡೋಲೆಯು ನನ್ನ ಅವ್ವೆಯದು" ಅಂದಳು. ಆಗ ನಮ್ಮ ತಾಯಿಯು ಬೆಂಡೋಲೆಯನ್ನು ಅಲ್ಲಿಯೇ ಬಿಟ್ಟಳು. ಸರವನ್ನು ತೂಗಿಸಿ, ಒರೆ ನೋಡಿಸಿ, ಆ ದಿನದ ಪೂರ್ಣ ಬೆಲೆಯನ್ನು ಕೊಟ್ಟಳು. ಪದಕವನ್ನು ಬಿಡಿಸಿ ಆಕೆಯ ಕೈಗಿಟ್ಟಳು. ಅವಳಿಗೆ ಅಗ್ಗವೇನೂ ಸಿಕ್ಕಲಿಲ್ಲ. ಮದುವೆಯ ಊಟದಲ್ಲಿ ಒಂದು ಪಲ್ಯವನ್ನು ಕಡಿಮೆ ಮಾಡಬೇಕಾಯಿತು. ಆದರೆ ಮದುವೆಯ ದಿನ ಆ ನೆರೆಯಾಕೆಯು ಬೆಂಡೋಲೆ ತೊಟ್ಟುಕೊಂಡು ಬಂದು, ವಧುವಿನ ಕೊರಳಲ್ಲಿ ತಿರುಚಿಕೊಂಡಿದ್ದ ಸರವನ್ನು ತನ್ನ ಕೈಯಿಂದಲೇ ನೆಟ್ಟಗೆ ಮಾಡಿ ಹೋದಳು. ಅದನ್ನು ನಾನು ಕಣ್ಣಾರೆ ಕಂಡೆನು.

ಪ್ರಿಯರೇ, ಒತ್ತೆ ಬಿಡಿಸುವದೆಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಾವೂ ಪಾಪದ ಕೈಯಲ್ಲಿ ಅಡವು ಬಿದ್ದವರಾಗಿದ್ದೆವು. ಬಡ್ಡಿಯು ಬೆಳೆದು ಬಿಡಿಸಿಕೊಳ್ಳುವ ಶಕ್ತಿಯು ನಮ್ಮಲ್ಲಿರಲಿಲ್ಲ. ಆಗ ಕರ್ತನು ನಮ್ಮನ್ನು ಹೀಯಾಳಿಸಿ ಅಗ್ಗಕ್ಕೆ ಕೊಳ್ಳಲಿಲ್ಲ. ನಾವು ಸವೆದವರೂ ಕಪ್ಪಾದವರೂ ಆಗಿದ್ದರೂ ಪೂರ್ಣ ಕ್ರಯವನ್ನು ಕೊಟ್ಟನು. ಅದು ಬೆಳ್ಳಿಯಲ್ಲ, ಬಂಗಾರವಲ್ಲ, ತನ್ನ ಅಮೂಲ್ಯವಾದ ರಕ್ತವೇ. ಹೀಗೆ ಕೊಳ್ಳಲ್ಪಟ್ಟವರು ಇತರರಿಂದ ಕೊಳ್ಳುವಾಗ ಆ ಕ್ರಯವನ್ನು ಮರೆಯದಿರಲಿ.

ಪ್ರಾರ್ಥನೆ: ಕರ್ತನೇ, ನಮ್ಮ ತಕ್ಕಡಿಯನ್ನೂ ನಾಲಿಗೆಯನ್ನೂ ಶುದ್ಧಮಾಡು. ನೆರೆಯವರ ಸಂಕಟದಲ್ಲಿ ನಮ್ಮ ಲಾಭವನ್ನು ನೋಡದಂತೆ ನಮ್ಮ ಕಣ್ಣುಗಳನ್ನು ಕಾಯಿ. ಒಡವೆಯುಳ್ಳವರಿಗೆ ದೀನಮನಸ್ಸನ್ನೂ ಇಲ್ಲದವರಿಗೆ ಸಂತೃಪ್ತಿಯನ್ನೂ ದಯಪಾಲಿಸು. ಆಮೆನ್.