ವಾಲ್ವಿಗೆ ಅಂಟಿದ ಕರ್ಮ

ಖಂಡೇಪೂಜೆಯ ದಿನ ರಟ್ಟೀಹಳ್ಳಿಯಲ್ಲಿ ಕಬ್ಬಿಣಕ್ಕೆಲ್ಲ ಬಿಡುವು. ಕುಡುಗೋಲು, ರಂಟೆ, ಟ್ರ್ಯಾಕ್ಟರು, ಗೋವಿನಜೋಳದ ರಾಶಿ ಮಷೀನು, ಬೈಕು ಎಲ್ಲವೂ ಮೈ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ನಿಲ್ಲುತ್ತವೆ. ಈಚೆಗೆ ಆ ಸಾಲಿಗೆ ಬೆನ್ನ ಮೇಲೆ ‘ಟರ್ಬೊ’ ಎಂದು ಬರೆದುಕೊಂಡ ಸಣ್ಣ ಪೆಟ್ರೋಲ್ ಕಾರುಗಳೂ ಸೇರಿವೆ. ನಾಲ್ಕೂ ಗಾಲಿಯಡಿ ಲಿಂಬೆಹಣ್ಣು, ಬಾನೆಟ್ಟಿನ ಮುಂದೆ ಒಡೆದ ಕಾಯಿ. ಕೆಲ ವರ್ಷ ಕಳೆದು ಅಂಥದೇ ಒಂದು ಕಾರು ಪಿಕಪ್ ಕಳೆದುಕೊಂಡು, ನೀಲಿ ಹೊಗೆ ಬಿಡುತ್ತ ಗ್ಯಾರೇಜಿಗೆ ಬರುತ್ತದೆ. ಮಿಸ್ತ್ರಿ ಖರ್ಚಿನ ಅಂದಾಜು ಹೇಳಿದ ಮೇಲೆ ಮಾಲೀಕನ ಬಾಯಿಂದ ಬರುವ ಮಾತು ಬಹುತೇಕ ಒಂದೇ: ‘ಏನ್ ಮಾಡೂದ್ರಿ ಅಣ್ಣಾರ, ನಮ್ ಕರ್ಮ.’

ಮಿಸ್ತ್ರಿ ಇದನ್ನು ಅಲ್ಲಗಳೆಯಲು ಹೋಗುವುದಿಲ್ಲ. ಗಿರಾಕಿ ತನ್ನ ಕರ್ಮವನ್ನು ತಾನೇ ಒಪ್ಪಿಕೊಂಡ ಮೇಲೆ ಬಿಲ್ಲಿನ ಬಗ್ಗೆ ಚೌಕಾಸಿ ಕಡಿಮೆ.

ಆದರೆ ಆ ಮಾತಿನ ಅರ್ಥವೇನು? ಕೆಟ್ಟದ್ದಕ್ಕೆ ಅದು ಕಾರಣ ಹೇಳುತ್ತಿದೆಯೋ, ಕಾರಣ ಹುಡುಕುವುದನ್ನು ನಿಲ್ಲಿಸುತ್ತಿದೆಯೋ? ಕರ್ಮದ ಬಗ್ಗೆ ತಲೆ ಕೆಡಿಸಿಕೊಂಡ ಹಳೆಯ ಚಿಂತಕರು ಈ ಗ್ಯಾರೇಜಿಗೆ ಬಂದಿದ್ದರೆ ಅಷ್ಟಕ್ಕೇ ಸುಮ್ಮನಾಗುತ್ತಿರಲಿಲ್ಲ. ಬಾನೆಟ್ ಎತ್ತಿಸುತ್ತಿದ್ದರು.

ಎತ್ತಿ ನೋಡಿದರೆ ಮೊದಲು ಕಾಣುವುದು ಎಂಜಿನ್ನಿನ ಪುಟ್ಟ ಗಾತ್ರ. ಮಾರುತಿಯ ಫ್ರಾಂಕ್ಸ್ ಕಾರು ಎರಡು ಎಂಜಿನ್ನಿನಲ್ಲಿ ಬಂತು. ಒಂದು 1,197 ಸಿಸಿಯ ನಾಲ್ಕು ಸಿಲಿಂಡರಿನ ಸಾದಾ ಎಂಜಿನ್. ಅದರ ಟಾರ್ಕ್ 113 ನ್ಯೂಟನ್ ಮೀಟರ್, ಅದೂ 4,400 ಆರ್‌ಪಿಎಂ ಮುಟ್ಟಿದಾಗ. ಇನ್ನೊಂದು 998 ಸಿಸಿಯ ಮೂರು ಸಿಲಿಂಡರಿನ ಟರ್ಬೊ, ಹೆಸರು ಬೂಸ್ಟರ್‌ಜೆಟ್. ಅದು 2,000 ಆರ್‌ಪಿಎಂಗೇ 147.6 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಹ್ಯುಂಡೈ ವೆನ್ಯೂದ 998 ಸಿಸಿ ಎಂಜಿನ್ 172, ಸ್ಕೋಡಾ ಕುಶಾಕ್‌ನ 999 ಸಿಸಿ ಟಿಎಸ್‌ಐ 178. ಚಿಕ್ಕದು ದೊಡ್ಡದನ್ನು ಮೀರಿಸುವ ಈ ಚಮತ್ಕಾರಕ್ಕೆ ಭಾರತದಲ್ಲಿ ಸುಂಕವೂ ಒಂದು ಕಾರಣ: ನಾಲ್ಕು ಮೀಟರಿನೊಳಗಿನ ಉದ್ದ, 1,200 ಸಿಸಿ ದಾಟದ ಪೆಟ್ರೋಲ್ ಎಂಜಿನ್ ಇದ್ದರೆ ಮಾತ್ರ ಸಣ್ಣ ಕಾರಿನ ತೆರಿಗೆ. ಹಾಗಾಗಿ ಗ್ಯಾರೇಜಿಗೆ ಬಂದ ಕಾರಿನ ಮಾಲೀಕನ ಕರ್ಮದ ಎಳೆ ಹಿಡಿದು ಹೋದರೆ ಅದು ದಿಲ್ಲಿಯ ಬಜೆಟ್ ಭಾಷಣದವರೆಗೂ ಹೋಗುತ್ತದೆ.

ಚಮತ್ಕಾರದ ಮೂಲ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ. ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರಿನ ದಾರಿ ಹಿಡಿದು ಗಾಳಿಗೆ ಹೋಗುತ್ತದೆ. ಆ ಹೊರಹೋಗುವ ಬಿಸಿಯುಸಿರಿನ ದಾರಿಯಲ್ಲಿ ಒಂದು ಗಿರಕಿ ಇಟ್ಟು, ಅದೇ ದಂಡದ ಇನ್ನೊಂದು ತುದಿಯ ಗಿರಕಿಯಿಂದ ತಾಜಾ ಗಾಳಿಯನ್ನು ಒತ್ತಿ ಒಳಗೆ ತುಂಬಿದರೆ ಅದೇ ಟರ್ಬೊ. ಹೊರಬಿಟ್ಟ ಉಸಿರೇ ಒಳಗಿನ ಉಸಿರಿಗೆ ಬಲ. ಪ್ರಾಣ, ಅಪಾನ ಎಂದು ಉಸಿರನ್ನೇ ಐದು ಬಗೆಯಾಗಿ ವಿಂಗಡಿಸಿದ ಉಪನಿಷತ್ತಿನವರಿಗೆ ಈ ಏರ್ಪಾಟು ಪರಕೀಯ ಅನ್ನಿಸುತ್ತಿರಲಿಲ್ಲ. ಆದರೆ ಅದರ ಬೆಲೆ ದೊಡ್ಡದು. ಲಿಂಬೆಹಣ್ಣಿಗಿಂತ ತುಸು ದಪ್ಪದ ಆ ಗಿರಕಿ ನಿಮಿಷಕ್ಕೆ ಲಕ್ಷ ಸುತ್ತು ದಾಟಿ, ಕೆಲವೊಮ್ಮೆ ಎರಡು ಲಕ್ಷದವರೆಗೂ ತಿರುಗುತ್ತದೆ. ಒಂದು ತುದಿಯಲ್ಲಿ ಕೆಂಡದಂಥ ಬಿಸಿ. ಅದನ್ನು ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ ಮಾತ್ರ.

ಘಟ್ಟ ಹತ್ತಿಸಿಕೊಂಡೋ ಹೆದ್ದಾರಿಯಲ್ಲಿ ಓಡಿಸಿಕೊಂಡೋ ಬಂದವರು ಮನೆ ಮುಂದೆ ನಿಲ್ಲಿಸಿ ಫಟ್ಟನೆ ಕೀಲಿ ತಿರುವುತ್ತಾರೆ. ಎಂಜಿನ್ ನಿಂತಿತು, ಅದರೊಂದಿಗೆ ಆಯಿಲ್ ಪಂಪೂ ನಿಂತಿತು. ಟರ್ಬೊ ಮಾತ್ರ ಇನ್ನೂ ಕೆಲ ಕ್ಷಣ ತನ್ನ ವೇಗಕ್ಕೆ ತಾನು ತಿರುಗುತ್ತಿರುತ್ತದೆ. ಜ್ಞಾನಿಯಾದ ಮೇಲೂ ದೇಹ ಯಾಕೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೊಡುವ ಹೋಲಿಕೆ ಕುಂಬಾರನ ಚಕ್ರದ್ದು: ಒಮ್ಮೆ ಪಡೆದ ವೇಗ ತೀರುವ ತನಕ ತಿರುಗಲೇಬೇಕು, ಅದು ಪ್ರಾರಬ್ಧ. ಟರ್ಬೊದ ಪ್ರಾರಬ್ಧವೂ ಹಾಗೆಯೇ. ವ್ಯತ್ಯಾಸವೆಂದರೆ ಇಲ್ಲಿ ಆ ಉಳಿದ ಸುತ್ತುಗಳಿಗೆ ಎಣ್ಣೆಯಿಲ್ಲ. ನಿಂತಲ್ಲೇ ನಿಂತ ಆಯಿಲ್ ಬಿಸಿಗೆ ಸುಟ್ಟು ಕಪ್ಪು ಕಿಟ್ಟವಾಗಿ ಬೇರಿಂಗಿಗೆ ಕಟ್ಟಿಕೊಳ್ಳುತ್ತದೆ. ಈಗಿನ ಎಂಜಿನ್ನುಗಳಲ್ಲಿ ಟರ್ಬೊ ಸುತ್ತ ನೀರಿನ ತಂಪು ಇದೆ, ಕೆಲವುಗಳಲ್ಲಿ ಎಂಜಿನ್ ನಿಂತ ಮೇಲೂ ಆ ನೀರನ್ನು ಓಡಿಸುವ ಪಂಪಿದೆ. ಆದರೂ ಜೋರಾಗಿ ಓಡಿಸಿ ಬಂದಾಗ ಅರ್ಧ-ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ನಡೆಯಬಿಡುವುದು ಒಳ್ಳೆಯದು. ಇಷ್ಟರ ಮಟ್ಟಿಗೆ ಕರ್ಮ ಮಾಲೀಕನದೇ.

ಇನ್ನು ಅಂಟುವ ಕರ್ಮದ ಮಾತು. ಇದಕ್ಕೆ ವೇದಾಂತಕ್ಕಿಂತ ಜೈನರ ಲೆಕ್ಕವೇ ಹತ್ತಿರ. ಅವರ ಪಾಲಿಗೆ ಕರ್ಮವೆಂದರೆ ಲೆಕ್ಕಕ್ಕಿಟ್ಟ ಪಾಪಪುಣ್ಯವಲ್ಲ, ನಿಜವಾದ ದ್ರವ್ಯ. ಜೀವಕ್ಕೆ ಬಂದು ಮೆತ್ತುವ ಸೂಕ್ಷ್ಮ ಪುದ್ಗಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಇದನ್ನು ಕ್ರಮವಾಗಿ ಬಿಡಿಸಿಡುತ್ತದೆ. ದಿವಾಕರಣಂದಿ ಅದಕ್ಕೆ ಕನ್ನಡದಲ್ಲೇ ವೃತ್ತಿ ಬರೆದ. ಒಳಹರಿವು ಆಸ್ರವ, ಅಂಟಿಕೊಳ್ಳುವುದು ಬಂಧ, ಒಳಬರುವುದನ್ನು ತಡೆಯುವುದು ಸಂವರ, ಅಂಟಿದ್ದನ್ನು ಉದುರಿಸುವುದು ನಿರ್ಜರ. ದೂಳು ಒಣ ಮೈಗೆ ಕೂರದು, ಎಣ್ಣೆ ಹಚ್ಚಿದ ಮೈಗೆ ಕೂರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳೇ ಆ ಜಿಡ್ಡು. (ಈ ಸೀಮೆಯಲ್ಲಿ ಜೈನರ ಮಾತೆತ್ತಿ ಅಬಲೂರನ್ನು ಬಿಡುವಂತಿಲ್ಲ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನದ ಪ್ರಕಾರ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತಲೆ ಕತ್ತರಿಸಿಕೊಟ್ಟು ಮರಳಿ ಪಡೆದ, ದೊರೆ ಬಿಜ್ಜಳನಿಂದ ಜಯಪತ್ರವನ್ನೂ ಪಡೆದ. ವಾದದಲ್ಲಿ ಗೆದ್ದವರು ಯಾರೇ ಇರಲಿ, ವಾಲ್ವಿನ ವಿಷಯದಲ್ಲಿ ಸೋತವರ ಸಿದ್ಧಾಂತವೇ ಸರಿಹೊಂದುತ್ತದೆ.)

ಹಳೆಯ ಬಗೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಚಿಮ್ಮುವುದು ಒಳಗಾಳಿಯ ವಾಲ್ವಿನ ಬೆನ್ನಿಗೆ. ದಿನವೂ ಅದಕ್ಕೆ ಸ್ನಾನ. ಬೂಸ್ಟರ್‌ಜೆಟ್, ಟಿಎಸ್‌ಐ, ಹ್ಯುಂಡೈನ ಟಿ-ಜಿಡಿಐಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಬೀಳುತ್ತದೆ, ವಾಲ್ವಿನ ಬೆನ್ನು ಒಣಗಿಯೇ ಉಳಿಯುತ್ತದೆ. ಒಣಗಿದ್ದರೆ ಚಿಂತೆಯಿರಲಿಲ್ಲ. ಕ್ರ್ಯಾಂಕ್‌ಕೇಸಿನಿಂದ ವಾಪಸು ಬರುವ ಆಯಿಲ್ ಆವಿ ಅಲ್ಲಿ ಜಿಡ್ಡು ಬಳಿಯುತ್ತದೆ, ಮಸಿ ಬಂದು ಅದರ ಮೇಲೆ ಕೂರುತ್ತದೆ, ಬಿಸಿಗೆ ಬೆಂದು ಗಟ್ಟಿಯಾಗುತ್ತದೆ. ಆಸ್ರವ, ಬಂಧ. ಕ್ರಮೇಣ ಗಾಳಿಯ ದಾರಿ ಕಿರಿದಾಗಿ ಎಂಜಿನ್ ನಡುಗುತ್ತದೆ, ಎಳೆತ ಕುಗ್ಗುತ್ತದೆ. ಆವಿಯಿಂದ ಆಯಿಲ್ ಬೇರ್ಪಡಿಸುವ ಭಾಗ ಸರಿಯಾಗಿದ್ದರೆ ಅದು ಸಂವರ. ಅಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಮಸಿ ಉದುರಿಸುವುದು ನಿರ್ಜರ. ತಪಸ್ಸಿನಂತೆ ಅದೂ ದುಬಾರಿ. ಟಾಟಾ ನೆಕ್ಸಾನ್‌ನ 1,199 ಸಿಸಿ ರೆವೊಟ್ರಾನ್ ಟರ್ಬೊ ಇದ್ದೂ ಹಳೆಯ ಕ್ರಮದಲ್ಲೇ ಪೆಟ್ರೋಲ್ ಚಿಮ್ಮಿಸಿಕೊಳ್ಳುವ ಕಾರಣ ಈ ಬಂಧದಿಂದ ಬಹಳಮಟ್ಟಿಗೆ ಪಾರು.

ಊರೊಳಗೇ ಸುತ್ತುವ ಕಾರಿಗೆ ಕಾಟ ಬೇರೆ. ಮನೆಯಿಂದ ಬಸ್‌ಸ್ಟ್ಯಾಂಡು, ಅಲ್ಲಿಂದ ಕದಂಬೇಶ್ವರ ಗುಡಿ, ವಾಪಸು ಮನೆ. ಎಂಜಿನ್ ಕಾಯುವುದರೊಳಗೆ ಪ್ರಯಾಣ ಮುಗಿದಿರುತ್ತದೆ. ಸುಡದ ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ಲನ್ನು ತೆಳುವಾಗಿಸುತ್ತದೆ. ಇನ್ನೊಂದು ಅಭ್ಯಾಸ, ಮೈಲೇಜಿನ ಆಸೆಗೆ ಮೇಲಿನ ಗೇರಿನಲ್ಲಿ ನಿಧಾನ ಓಡಿಸುತ್ತಿದ್ದವರು ಮುಂದೆ ಟ್ರ್ಯಾಕ್ಟರು ಕಂಡೊಡನೆ ಗೇರು ಇಳಿಸದೆ ಎಕ್ಸಲರೇಟರ್ ಪೂರ್ತಿ ಒತ್ತುವುದು. ಆಗ ಸ್ಪಾರ್ಕ್ ಬೀಳುವ ಮೊದಲೇ ಆಯಿಲ್ಲಿನ ಹನಿಯೋ ಕಾರ್ಬನ್ನಿನ ಚೂರೋ ಕಿಡಿಯಾಗಿ ಇಂಧನ ಹೊತ್ತಿಕೊಂಡು ಪಿಸ್ಟನ್ ಬಿರಿಯಬಹುದು. ಇದನ್ನೂ ತಡೆಯುವಂತೆ ಆಯಿಲ್ಲಿನ ರಸಾಯನ ಬದಲಿಸಿ 2020ರಲ್ಲಿ ‘ಎಪಿಐ ಎಸ್‌ಪಿ’ ದರ್ಜೆ ಬಂತು. ಡಬ್ಬಿಯ ಮೇಲಿನ ಆ ಎರಡಕ್ಷರ ನೋಡದೆ ಅಗ್ಗದ್ದನ್ನು ಸುರಿಸಿಕೊಂಡು ಕರ್ಮವನ್ನು ಬೈಯುವುದು ಕರ್ಮಕ್ಕೆ ಮಾಡುವ ಅನ್ಯಾಯ.

ಇಷ್ಟರವರೆಗೆ ಸಿದ್ಧಾಂತ ಚೆನ್ನಾಗಿಯೇ ನಡೆಯಿತು. ಅದು ಎಡವುವುದು ಸೆಕೆಂಡ್ ಹ್ಯಾಂಡ್ ಕಾರಿನ ಹತ್ತಿರ, ಮತ್ತು ಸಣ್ಣ ಊರುಗಳಿಗೆ ಬರುವ ಟರ್ಬೊಗಳಲ್ಲಿ ಎರಡನೆಯ, ಮೂರನೆಯ ಕೈಯವು ಕಡಿಮೆಯೇನಲ್ಲ. ಬೆಂಗಳೂರಿನ ಮೊದಲ ಮಾಲೀಕ ಆಯಿಲ್ ಬದಲಿಸದೆ ಓಡಿಸಿದ. ಟರ್ಬೊ ಹೋದದ್ದು ಕುಮುದ್ವತಿ ಹೊಳೆಯ ದಂಡೆಯ ರಟ್ಟೀಹಳ್ಳಿಯಲ್ಲಿ ಕೊಂಡವನ ಕೈಯಲ್ಲಿ. ಮಾಡಿದವನಿಗೆ ಫಲವಿಲ್ಲ, ಮಾಡದವನಿಗೆ ಫಲ. ಭಾರತೀಯ ದಾರ್ಶನಿಕರು ಬಹಳ ಹೆದರಿದ್ದು ಈ ಸ್ಥಿತಿಗೇ. ಕೃತನಾಶ, ಅಕೃತಾಭ್ಯಾಗಮ ಎಂದು ಅದಕ್ಕೆ ಹೆಸರು ಕೊಟ್ಟರು. ಎದುರಾಳಿಯ ಸಿದ್ಧಾಂತ ಅಲ್ಲಿಗೆ ತಲುಪುತ್ತದೆ ಎಂದು ತೋರಿಸಿದರೆ ವಾದ ಗೆದ್ದಂತೆ. ಜೈನರು ಇದನ್ನು ಬೌದ್ಧರ ಕ್ಷಣಿಕವಾದದ ಮೇಲೆ ಪ್ರಯೋಗಿಸಿದರು, ಶಂಕರರು ಸಂಸಾರಕ್ಕೆ ಆದಿಯುಂಟು ಎನ್ನುವವರ ಮೇಲೆ. ಶಾಸ್ತ್ರದಲ್ಲಿ ಅಸಂಭವವೆಂದು ತಳ್ಳಿದ್ದು ಹಳೆ ಕಾರಿನ ಪೇಟೆಯಲ್ಲಿ ದಿನನಿತ್ಯದ ವ್ಯಾಪಾರ.

ಮಾಲೀಕರಿಬ್ಬರೂ ನಿರಪರಾಧಿಗಳಾಗಿರುವುದೂ ಉಂಟು. ಫೋರ್ಡ್‌ನ 999 ಸಿಸಿ ಇಕೋಬೂಸ್ಟ್ 2012ರಿಂದ 2014ರವರೆಗೆ ಸತತ ಮೂರು ಸಲ ‘ವರ್ಷದ ಅಂತರರಾಷ್ಟ್ರೀಯ ಎಂಜಿನ್’ ಪ್ರಶಸ್ತಿ ಗೆದ್ದಿತು. ಎ-4 ಹಾಳೆಯ ಮೇಲೆ ಕೂರುವಷ್ಟು ಪುಟ್ಟ ಬ್ಲಾಕು. 2013ರಲ್ಲಿ ಇಕೋಸ್ಪೋರ್ಟ್ ಜೊತೆ ಭಾರತಕ್ಕೂ ಬಂತು. ಅದರ ಟೈಮಿಂಗ್ ಬೆಲ್ಟು ಆಯಿಲ್ಲಿನಲ್ಲೇ ಮುಳುಗಿ ಓಡುವಂಥದು. ವರ್ಷಗಳು ಕಳೆದಂತೆ ಕೆಲವು ಎಂಜಿನ್ನುಗಳಲ್ಲಿ ಬೆಲ್ಟಿನ ರಬ್ಬರು ಕರಗಿ ಉದುರಿ, ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಂಡು, ಅವು ಎಣ್ಣೆಯಿಲ್ಲದೆ ಸೀಜ್ ಆದವು. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು 1.4 ಲಕ್ಷ ಇಕೋಸ್ಪೋರ್ಟ್, ಫೋಕಸ್ ಕಾರುಗಳನ್ನು ಫೋರ್ಡ್ ವಾಪಸು ಕರೆಸಿತು. ಅಲ್ಲಿ ದೋಷ ಆಯಿಲ್ ಪಂಪ್ ತಿರುಗಿಸುವ ಬೆಲ್ಟಿನ ಟೆನ್ಷನರಿನದು. ಅಮೆರಿಕದ ಆ ಇಕೋಸ್ಪೋರ್ಟ್‌ಗಳು ತಯಾರಾದದ್ದು ಚೆನ್ನೈಯಲ್ಲಿ. ಇಲ್ಲಿ ಕಂಪನಿ 2021ರಲ್ಲೇ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತ್ತು.

ಹಾಗಾದರೆ ದೋಷ ಸೃಷ್ಟಿಸಿದವನದೇ? ದೇವರಿಗೆ ಪಕ್ಷಪಾತದ ದೋಷ ತಟ್ಟದಂತೆ ಶಂಕರರು ಮಳೆಯ ಉದಾಹರಣೆ ಕೊಡುತ್ತಾರೆ: ಮಳೆ ಎಲ್ಲದಕ್ಕೂ ಒಂದೇ, ಭತ್ತ ಭತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣದಿಂದ. ಗೋವಿನಜೋಳದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಜೋಳದಿಂದಲೂ ಈಗ ಎಥೆನಾಲ್ ತೆಗೆಯುತ್ತಾರೆ, ಅದು ನೂರಕ್ಕೆ 20ರಷ್ಟು ಬೆರೆತ ಪೆಟ್ರೋಲ್ ಬಂಕಿಗೆ ಬರುತ್ತದೆ. ಅದೇ ಬಂಕು, ಅದೇ ಪೆಟ್ರೋಲು, ಒಂದು ಕಾರು ಸುಖವಾಗಿದೆ, ಇನ್ನೊಂದರ ಹಳೆಯ ರಬ್ಬರ್ ಪೈಪು ಬಿರಿಯುತ್ತದೆ. ಆದರೆ ಬೀಜವನ್ನು ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ. ಬೆಲ್ಟು ಆಯಿಲ್ಲಿನಲ್ಲಿ ಓಡಲಿ ಎಂದು ಗೆರೆ ಎಳೆದ ಕೈ ಇದೆ, ಎಳೆದ ದಿನಾಂಕವಿದೆ, ಒಪ್ಪಿದ ಸಹಿ ಇದೆ. ಈಶ್ವರನಿಗೆ ಸಿಕ್ಕ ಮಾಫಿ ಅವರಿಗೆ ಸಿಗಲಾರದು.

ಮಿಸ್ತ್ರಿ ಎಂಜಿನ್ನಿನ ಆಯಿಲ್ ಸಂಪ್ ಬಿಚ್ಚಿ ಜಾಲರಿಯನ್ನು ಬೆಳಕಿಗೆ ಹಿಡಿದರೆ ಸಾಕು, ಅದರಲ್ಲಿ ಅಡಗಿದ್ದು ಬೆಲ್ಟಿನ ರಬ್ಬರೋ, ಸುಟ್ಟ ಆಯಿಲ್ಲಿನ ಕಿಟ್ಟವೋ ಬೆರಳಿಗೇ ತಿಳಿಯುತ್ತದೆ. ರಬ್ಬರು ಹಿಚುಕಿದರೆ ಮಣಿಯುತ್ತದೆ, ಕಿಟ್ಟ ಪುಡಿಯಾಗುತ್ತದೆ. ಮಾಲೀಕ ಪಕ್ಕದಲ್ಲೇ ನಿಂತಿರುತ್ತಾನೆ, ಕೈ ಚಾಚಿದರೆ ಅವನಿಗೂ ತಿಳಿಯುತ್ತದೆ.