ಷರತ್ತಿನ ಬಿಡುಗಡೆ: ಹೊಣೆ ಯಾರದು?

ಮಾಡಿದ ತಪ್ಪಿಗೆ ಶಿಕ್ಷೆ ವಿಧಿಸುವುದು ರಾಜಧರ್ಮ. ಆ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿದವನು ಸಮಾಜದ ಋಣದಿಂದ ಮುಕ್ತನಾದನೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ಇನ್ನೂ ಮಾಡದಿರುವ, ಮುಂದೆ ಮಾಡಬಹುದೆಂದು ಊಹಿಸಲಾದ ತಪ್ಪಿಗಾಗಿ ಒಬ್ಬನನ್ನು ಕೂಡಿಹಾಕಬಹುದೇ? ಕೂಡಿಹಾಕಿದ ಮೇಲೆ ಅವನನ್ನು ಹೊರಗೆ ಬಿಡುವುದು ಯಾವಾಗ, ಯಾರ ನೆರೆಯಲ್ಲಿ? ಪ್ರಿಯ ವಾಚಕರೇ, ಇದು ಬರಿಯ ತರ್ಕದ ಕಸರತ್ತಲ್ಲ. ಅಮೆರಿಕ ದೇಶವು ಮೂರು ದಶಕಗಳಿಗೂ ಮಿಕ್ಕಿ ಈ ಪ್ರಶ್ನೆಯೊಡನೆ ಹೆಣಗುತ್ತಿದೆ.

ಅಲ್ಲಿಯ ವಾಷಿಂಗ್ಟನ್ ರಾಜ್ಯವು 1990ರಲ್ಲಿ ಒಂದು ಶಾಸನವನ್ನು ಮಾಡಿತು. ಲೈಂಗಿಕ ಅಪರಾಧವೆಸಗಿ ಸೆರೆವಾಸವನ್ನು ಮುಗಿಸಿದವನು ಮಾನಸಿಕ ವಿಕಾರದಿಂದಾಗಿ ಮತ್ತೆ ಅದೇ ಅಪರಾಧ ಮಾಡುವ ಸಂಭವವಿದೆಯೆಂದು ಸಿದ್ಧಪಟ್ಟರೆ, ಅವನನ್ನು ಚಿಕಿತ್ಸಾಲಯದಲ್ಲಿ ಅವಧಿಯ ಮಿತಿಯಿಲ್ಲದೆ ಇರಿಸಬಹುದೆಂಬುದು ಅದರ ಸಾರ. ಇದನ್ನು ‘ಸಿವಿಲ್ ಕಮಿಟ್‌ಮೆಂಟ್’ ಎಂದು ಕರೆಯುತ್ತಾರೆ. ಇಂದು ಸುಮಾರು 20 ರಾಜ್ಯಗಳಲ್ಲಿ ಇಂತಹ ಶಾಸನಗಳಿವೆ. ಕ್ಯಾನ್ಸಸ್ ರಾಜ್ಯದ ಶಾಸನವನ್ನು ಹೆಂಡ್ರಿಕ್ಸ್ ಎಂಬಾತನು ಪ್ರಶ್ನಿಸಿದಾಗ, 1997ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 5 ನ್ಯಾಯಮೂರ್ತಿಗಳ ಬಹುಮತದಿಂದ, 4 ಮಂದಿಯ ಭಿನ್ನಮತದ ನಡುವೆ, ಇದು ಶಿಕ್ಷೆಯಲ್ಲವೆಂದು ತೀರ್ಪಿತ್ತಿತು.

ಈ ಹೆಂಡ್ರಿಕ್ಸನು ನಿರಪರಾಧಿಯೇನೂ ಅಲ್ಲ. ಅನೇಕ ವರ್ಷಗಳ ಕಾಲ ಮತ್ತೆ ಮತ್ತೆ ಮಕ್ಕಳ ಮೇಲೆ ದೌರ್ಜನ್ಯವೆಸಗಿದವನು. ತಾನು ಇನ್ನೆಂದಿಗೂ ಹಾಗೆ ಮಾಡಲಾರೆನೆಂಬುದಕ್ಕೆ ತನ್ನ ಸಾವೊಂದೇ ಖಾತರಿಯೆಂದು ನ್ಯಾಯಾಲಯದಲ್ಲಿ ಅವನೇ ಒಪ್ಪಿಕೊಂಡಿದ್ದನು. ಈ ಮಾತನ್ನು ಕೇಳಿದ ತಾಯಿಯೊಬ್ಬಳು ತನ್ನ ಮನೆಯ ಬಾಗಿಲಿಗೆ ಅಗುಳಿ ಹಾಕಿಕೊಂಡರೆ ಅವಳನ್ನು ಹಳಿಯುವ ಅಧಿಕಾರ ನಮಗಾರಿಗೂ ಇಲ್ಲ. ಕರುಣೆಯ ಹೆಸರಿನಲ್ಲಿ ಆ ಭಯವನ್ನು ಅಲ್ಲಗಳೆಯುವವರು, ನೊಂದ ಮಕ್ಕಳನ್ನು ಇನ್ನೊಮ್ಮೆ ನೋಯಿಸುತ್ತಾರೆ. ಈ ಮಾತನ್ನು ಮೊದಲೇ ಒಪ್ಪಿಕೊಂಡು ಮುಂದೆ ಸಾಗೋಣ.

ಇದು ಶಿಕ್ಷೆಯಲ್ಲ, ಚಿಕಿತ್ಸೆ ಎಂದಮೇಲೆ ಆ ಚಿಕಿತ್ಸೆಗೊಂದು ಕೊನೆಯಿರಬೇಕಷ್ಟೆ? ಮಿನ್ನೆಸೋಟ ರಾಜ್ಯದಲ್ಲಿ 2015ರ ವೇಳೆಗೆ 700ಕ್ಕೂ ಹೆಚ್ಚು ಮಂದಿ ಹೀಗೆ ಬಂಧಿತರಾಗಿದ್ದರು. ಎರಡು ದಶಕಗಳಲ್ಲಿ ಅವರಲ್ಲಿ ಒಬ್ಬನಿಗಾದರೂ ಪೂರ್ಣ ಬಿಡುಗಡೆ ದೊರೆತಿರಲಿಲ್ಲ. ಆ ವರ್ಷ ನ್ಯಾಯಾಧೀಶ ಡೊನೊವನ್ ಫ್ರ್ಯಾಂಕ್ ಅವರು ಈ ವ್ಯವಸ್ಥೆಯು ಸಂವಿಧಾನಬಾಹಿರವೆಂದು ಹೇಳಿದರು. 2017ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಇದರ ನಡುವೆ, 2016ರಲ್ಲಿ, ಮೊತ್ತಮೊದಲ ಪೂರ್ಣ ಬಿಡುಗಡೆಯಾಯಿತು.

ಬಂಧನಕ್ಕೂ ಪೂರ್ಣ ಬಿಡುಗಡೆಗೂ ನಡುವಿನ ಮೆಟ್ಟಿಲೇ ಷರತ್ತುಬದ್ಧ ಬಿಡುಗಡೆ. ಕಾಲಿಗೆ ಕಟ್ಟಿದ ಜಿಪಿಎಸ್ ಉಪಕರಣ, ಆಗಾಗ್ಗೆ ಸುಳ್ಳು ಪತ್ತೆಯ ಪರೀಕ್ಷೆ, ಮದ್ಯ ನಿಷೇಧ, ಮನೆಯಿಂದ ಹೊರಡುವುದಕ್ಕೂ ಪರಿವೀಕ್ಷಣಾಧಿಕಾರಿಯ ಅನುಮತಿ ಮುಂತಾದವು ಅದರ ಕಟ್ಟಳೆಗಳು. ಹೊಸ ಅಪರಾಧವನ್ನೇ ಮಾಡಬೇಕೆಂದಿಲ್ಲ, ಕಟ್ಟಳೆಯೊಂದು ಮುರಿದರೂ ಮರಳಿ ಬಂಧನವಾಗಬಹುದು. ಇಲ್ಲಿ ಸೂಕ್ಷ್ಮವಾದ ಇಕ್ಕಟ್ಟೊಂದಿದೆ. ಮನಸ್ಸಿನಲ್ಲಿ ಏಳುವ ದುರ್ವಿಚಾರಗಳನ್ನು ಮುಚ್ಚಿಡದೆ ಹೇಳಬೇಕೆಂಬುದು ಚಿಕಿತ್ಸೆಯ ನಿಯಮ. ಹೇಳಿದ ಮಾತು ದಾಖಲೆಯಾಗಿ, ಅವನಿನ್ನೂ ಅಪಾಯಕಾರಿಯೆಂಬುದಕ್ಕೆ ಸಾಕ್ಷ್ಯವಾಗಿ ನಿಲ್ಲಬಲ್ಲದು. ಹೇಳದಿದ್ದರೆ ಅವನು ಗುಣಹೊಂದಿಲ್ಲವೆಂಬ ನಿರ್ಣಯ. ಸತ್ಯವನ್ನು ನುಡಿದವನಿಗೆ ದಂಡನೆಯಾಗುವೆಡೆಯಲ್ಲಿ ಮನುಷ್ಯನು ಕಲಿಯುವುದು ಪರಿವರ್ತನೆಯನ್ನಲ್ಲ, ನಟನೆಯನ್ನು.

ಇದಕ್ಕಿಂತಲೂ ಕಠಿನವಾದ ತೊಡಕು ಮನೆಯದು. ನಿಗದಿಯಾದ ವಸತಿಯಿಲ್ಲದೆ ಬಿಡುಗಡೆ ಸುಲಭವಲ್ಲ. ಶಾಲೆ, ಉದ್ಯಾನಗಳ ಹತ್ತಿರದ ಮನೆ ಸಲ್ಲದು. ಮಿಕ್ಕೆಡೆಗಳಲ್ಲಿ ಮಾಲೀಕರು ಒಪ್ಪರು, ನೆರೆಯವರು ಬಿಡರು. ಕ್ಯಾಲಿಫೋರ್ನಿಯದಲ್ಲಿ 2003ರಲ್ಲಿ ಹೀಗೆ ಹೊರಬಂದ ಮೊದಲಿಗನಿಗೆ ಎಲ್ಲಿಯೂ ಮನೆ ಸಿಕ್ಕದೆ, ಕೊನೆಗೆ ಸೋಲೆಡಾಡ್ ಸೆರೆಮನೆಯ ಆವರಣದೊಳಗೇ ಒಂದು ಗಾಡಿಮನೆಯಲ್ಲಿ ಅವನನ್ನು ಇರಿಸಿದರು. ಸೆರೆಯಿಂದ ಬಿಡುಗಡೆಯಾದವನು ಸೆರೆಮನೆಯ ಅಂಗಳದಲ್ಲಿಯೇ ಬಾಳಬೇಕಾಯಿತು! 2005ರಲ್ಲಿ, ಎಪ್ಪತ್ತರ ಮುದುಕನಾಗಿದ್ದ ಹೆಂಡ್ರಿಕ್ಸನನ್ನು ಕ್ಯಾನ್ಸಸ್‌ನ ಲೆವನ್‌ವರ್ತ್ ಕೌಂಟಿಯ ಮನೆಯೊಂದಕ್ಕೆ ಕರೆತಂದಾಗ, ಅಲ್ಲಿಯ ಆಡಳಿತವು ಭೂಬಳಕೆಯ ನಿಯಮವನ್ನು ಮುಂದೊಡ್ಡಿ ನ್ಯಾಯಾಲಯಕ್ಕೆ ಹೋಯಿತು. ಅವನು ಹಿಂದಿರುಗಬೇಕಾಯಿತು.

ವಿಚಾರವಂತರಾದ ವಾಚಕರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಷರತ್ತು ಎಂಬುದು ಎರಡು ಕಡೆಯವರ ಒಪ್ಪಂದ. ನೀನು ಹೀಗೆ ನಡೆದರೆ ನಾವು ನಿನ್ನನ್ನು ಹೀಗೆ ನಡೆಸಿಕೊಳ್ಳುತ್ತೇವೆಂಬ ವಚನ. ತನ್ನ ನಡತೆಯಿಂದ ಎಷ್ಟುಮಾತ್ರಕ್ಕೂ ಪೂರೈಸಲಾಗದುದನ್ನು ಅವನ ಮೇಲೆ ಹೊರಿಸಿದರೆ ಅದು ಷರತ್ತಲ್ಲ, ನಿರಾಕರಣೆಯೇ ಸರಿ. ಹೊಳೆಯನ್ನು ದಾಟೆಂದು ಅಪ್ಪಣೆಯಿತ್ತು ದೋಣಿಯನ್ನು ಸುಟ್ಟಂತೆ. ಎಂದೆಂದಿಗೂ ಬಿಡಲಾಗದೆಂಬುದು ನಮ್ಮ ನಿಶ್ಚಯವಾದರೆ ಹಾಗೆಂದು ನೇರವಾಗಿ ಹೇಳಿ, ಅದರ ಪಾಪಪುಣ್ಯಗಳನ್ನು ನಾವೇ ಹೊರಬೇಕು. ಚಿಕಿತ್ಸೆಯ ಹೆಸರಿನ ಮರೆಯಲ್ಲಿ ಅಡಗಬಾರದು. ಬಿಡಬಹುದೆಂದಾದರೆ ಅವನು ಕಾಲೂರುವ ನೆಲವನ್ನೂ ನಾವೇ ತೋರಬೇಕು. ನೆಲೆಯಿಲ್ಲದೆ, ಮಾತನಾಡುವವರಿಲ್ಲದೆ ಅಲೆಯುವವನಿಂದ ಮಕ್ಕಳಿಗೆ ಹೆಚ್ಚಿನ ಕ್ಷೇಮವುಂಟೆಂದು ಯಾರು ತಾನೆ ಹೇಳಿಯಾರು?

ಭಯವನ್ನೂ ಮಾನವತ್ವವನ್ನೂ ಕೂಡಿಸಿ ನಡೆಸಿದ ನಿದರ್ಶನವೊಂದು ನೆರೆಯ ಕೆನಡದಲ್ಲಿದೆ. 1994ರಲ್ಲಿ ಹ್ಯಾಮಿಲ್ಟನ್ ನಗರಕ್ಕೆ, ಸೆರೆವಾಸವನ್ನು ಪೂರ್ತಿ ಮುಗಿಸಿದ ಇಂತಹ ಅಪರಾಧಿಯೊಬ್ಬನು ಬಂದನು. ಇವನದು ಸಿವಿಲ್ ಕಮಿಟ್‌ಮೆಂಟ್ ಅಲ್ಲವಾದರೂ ಊರಿನ ಆತಂಕ ಅದೇ. ಮೆನೊನೈಟ್ ಪಂಥದ ಪಾದ್ರಿ ಹ್ಯಾರಿ ನೈ ಅವರು ತಮ್ಮ ಸಣ್ಣ ಸಭೆಯ ಕೆಲವರನ್ನು ಕೂಡಿಕೊಂಡು ಅವನ ಸುತ್ತ ಒಂದು ಬಳಗವನ್ನು ಕಟ್ಟಿದರು. ಅವನೊಡನೆ ಒಡನಾಡಿದರು, ಅವನನ್ನು ಪ್ರಶ್ನಿಸಿದರು, ನೆರೆಯವರ ಸಿಟ್ಟನ್ನೂ ಕಿವಿಗೊಟ್ಟು ಕೇಳಿದರು. ಅವನು ಅಂತಹ ಅಪರಾಧವನ್ನು ಮತ್ತೆ ಮಾಡಲಿಲ್ಲ. ಈ ಪದ್ಧತಿ ಬೇರೆ ದೇಶಗಳಿಗೂ ಹಬ್ಬಿತು. ಮಿನ್ನೆಸೋಟದ ಸೆರೆಮನೆ ಇಲಾಖೆಯೂ 2008ರಲ್ಲಿ ಇದನ್ನು ಕೈಗೊಂಡಿತು. ಆ ಬಳಗವು ಅವನನ್ನು ನಂಬಿ ಕಣ್ಣು ಮುಚ್ಚಲಿಲ್ಲ, ಶಂಕಿಸಿ ಕದವನ್ನೂ ಮುಚ್ಚಲಿಲ್ಲ. ಕಣ್ಣು ತೆರೆದುಕೊಂಡೇ ಕೈ ನೀಡಿತು.

ನಮ್ಮ ದೇಶದಲ್ಲಿ ಅಮೆರಿಕದಂತಹ ಶಾಸನವಿಲ್ಲ. ಆದರೆ ಬಾಗಿಲಿನ ಪ್ರಶ್ನೆ ನಮ್ಮದೂ ಹೌದು. ಯಾವ ಅಪರಾಧವನ್ನೂ ಮಾಡದೆ, ಬರಿಯ ಮನೋರೋಗಕ್ಕೆ ಚಿಕಿತ್ಸೆ ಪಡೆದವರನ್ನೂ ಮನೆಗೆ ಕರೆದುಕೊಳ್ಳಲು ಹಿಂಜರಿಯುವ ಕುಟುಂಬಗಳು ನಮ್ಮಲ್ಲಿವೆ. ಕುಟುಂಬವು ಒಪ್ಪಲಿಲ್ಲವೆಂಬ ಅಥವಾ ಮನೆಯಿಲ್ಲವೆಂಬ ಮಾತ್ರಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಬಾರದೆಂದು 2017ರ ನಮ್ಮ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಹೇಳುತ್ತದೆ. ಕಾಯಿದೆಯು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲದು, ಊರಿನ ಬಾಗಿಲನ್ನು ತೆರೆಯಲಾರದು. ಅದನ್ನು ತೆರೆಯಬೇಕಾದವರು ನಾವು. ಮರಳಿ ಬಂದವನಿಗೆ ನಾವು ಷರತ್ತು ಹಾಕಬಹುದು, ಕೆಲವೊಮ್ಮೆ ಹಾಕಲೇಬೇಕು. ಆದರೆ ಷರತ್ತನ್ನು ಹಾಕಿದ ಕ್ಷಣದಿಂದ ಅದರ ಅರ್ಧಭಾರ ನಮ್ಮ ಹೆಗಲಿನದೆಂಬುದನ್ನು ಮರೆಯದಿರೋಣ.