ಹಲ್ಲುನೋವಿನ ರಾತ್ರಿ

‘ಹಲ್ಲುನೋವಿಗೆ ಯಾರೂ ಸತ್ತಿಲ್ಲ, ಬೆಳಗಿನವರೆಗೆ ತಡೆದುಕೋ’ ಎಂದು ನಾವೆಲ್ಲ ಒಮ್ಮೆಯಾದರೂ ಹೇಳಿದವರೇ. ಹೇಳುವಾಗ ನಮ್ಮ ಹಲ್ಲು ಗಟ್ಟಿಯಾಗಿರುತ್ತದೆ. ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯಲ್ಲಿ ನಡುರಾತ್ರಿ ದವಡೆ ಸಿಡಿಯತೊಡಗಿದರೆ ಕಲಬುರಗಿಯ ದಂತ ಆಸ್ಪತ್ರೆಗಳು ಬಹುದೂರ. ಲವಂಗದೆಣ್ಣೆ, ಉಪ್ಪುನೀರು, ತಲೆಗೆ ಎರಡು ದಿಂಬು. ಉಳಿದದ್ದು ಗಡಿಯಾರ ನೋಡುವುದು.

ಹಲ್ಲಿನೊಳಗಿನ ತಿರುಳು ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ಸುತ್ತಲೂ ಕಲ್ಲಿನಂಥ ಗೋಡೆ. ಮಲಗಿದರೆ ತಲೆಯ ಕಡೆ ರಕ್ತದ ಒತ್ತಡ ಹೆಚ್ಚಿ ನೋವೂ ಏರುತ್ತದೆ. ಎದ್ದು ಕೂತು ನರಳುವವನದು ಹಟವಲ್ಲ. 1658ರಲ್ಲಿ ಫ್ರಾನ್ಸಿನ ಪಾಸ್ಕಲ್ ಇಂಥದೇ ರಾತ್ರಿ ಗಣಿತದ ಸಮಸ್ಯೆಯೊಂದರಲ್ಲಿ ಮುಳುಗಿ ನೋವು ಮರೆತರಂತೆ. ಮರೆತಿರಬಹುದು. ಮರುದಿನ ಅವರ ಕೂಲಿಯೇನೂ ತಪ್ಪುತ್ತಿರಲಿಲ್ಲ.

ನಮ್ಮದೇ ಜಿಲ್ಲೆಯ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವನಿಗೆ ಆಸ್ಪತ್ರೆಯ ದಾರಿಯೆಂದರೆ ಒಂದು ದಿನದ ಕೂಲಿ ಕೈಬಿಡುವುದು. ಅದಕ್ಕೇ ಅವನು ಗುಳಿಗೆ ನುಂಗಿ ವಾರ ದೂಡುತ್ತಾನೆ. ನಾವು ಅದನ್ನು ಸಬ್ರ್ ಎಂದು ಹೊಗಳುತ್ತೇವೆ! ಬೇರೆ ದಾರಿಯಿಲ್ಲದವನ ಮೌನಕ್ಕೆ ಸಹನೆಯ ಹೆಸರಿಟ್ಟರೆ ನಮ್ಮ ಹೊಣೆ ಹಗುರವಾಗುತ್ತದೆ, ಅಷ್ಟೇ.

ಯಾರೂ ಸತ್ತಿಲ್ಲ ಎಂಬ ಮಾತೂ ಸುಳ್ಳು. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಸೋಂಕು ಕುತ್ತಿಗೆಗಿಳಿದು ಉಸಿರು ಕಟ್ಟಬಹುದು. ಆಗ ಬೆಳಗಿಗೆ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು, ಇಲ್ಲವೇ ಗಾಡಿಯಿರುವ ನೆರೆಯವರ ಬಾಗಿಲು ತಟ್ಟಬೇಕು. ಒಂದು ಹಲ್ಲಿಗಾಗಿ ಅವರನ್ನು ಎಬ್ಬಿಸುವುದೇ ಎಂದು ಸಂಕೋಚಪಟ್ಟು ಕತ್ತಲಲ್ಲಿ ಕೂತಿರುವವರು ನಮ್ಮ ಓಣಿಯಲ್ಲೂ ಇದ್ದಾರು.